ಸರ್‌ಪ್ಲಸ್ ನೀರು ಎಂದರೆ ಯಾರಿಗೆ ಹೆಚ್ಚಾದ ನೀರು?

ಪ್ರಶ್ನೆ: ಮಗಳ ಪಿಯುಸಿ ಇಂಗ್ಲಿಷ್ ಪಾಠದಲ್ಲಿ ‘ಸರ್‌ಪ್ಲಸ್’ ಎಂಬ ಪದ ಬಂದಿತ್ತು. ನಿಘಂಟಿನಲ್ಲಿ ‘ಹೆಚ್ಚುವರಿ’ ಎಂದಿದೆ. ‘ಎಕ್ಸೆಸ್’ ಪದಕ್ಕೂ ಅದೇ ಅರ್ಥ ಕೊಟ್ಟಿದ್ದಾರೆ. ಎರಡೂ ಒಂದೆಯೇ? ನಮ್ಮ ಕೆರೆಯ ಕಾಮಗಾರಿ ಫಲಕದಲ್ಲಿಯೂ ‘ಸರ್‌ಪ್ಲಸ್ ವಿಯರ್’ ಎಂದು ಬರೆದಿದ್ದಾರೆ. ಬರಕ್ಕೇ ಹೆಸರಾದ ನಮ್ಮ ಜಿಲ್ಲೆಯಲ್ಲಿ ಹೆಚ್ಚುವರಿ ನೀರು ಎಂಬ ಮಾತಿಗೆ ಏನಾದರೂ ಅರ್ಥವಿದೆಯೇ?
— ಓದುಗರೊಬ್ಬರು, ಹೊಳಲ್ಕೆರೆ ತಾಲ್ಲೂಕು

ಎರಡೂ ಒಂದಲ್ಲ. ನಿಘಂಟು ಎರಡಕ್ಕೂ ಒಂದೇ ಪದ ಕೊಟ್ಟಿರುವುದರಿಂದ ಗೊಂದಲವಾಗಿದೆ. ಕನ್ನಡದಲ್ಲಿ ಇದಕ್ಕೆ ಎರಡು ಹಳೆಯ, ಗಟ್ಟಿ ಕ್ರಿಯಾಪದಗಳಿವೆ: ಮಿಗು ಮತ್ತು ಮೀರು. ಬೇಕಾದ್ದೆಲ್ಲ ಆದ ಮೇಲೆ ಉಳಿದದ್ದು ಮಿಕ್ಕಿದ್ದು. ಇರಬೇಕಾದ ಗಡಿ ದಾಟಿದ್ದು ಮೀರಿದ್ದು. ಸರ್‌ಪ್ಲಸ್ ಎಂದರೆ ಮಿಕ್ಕಿದ್ದು, ಎಕ್ಸೆಸ್ ಎಂದರೆ ಮೀರಿದ್ದು. ಮನೆಗೆ ವರ್ಷಕ್ಕಾಗುವಷ್ಟು ರಾಗಿ ತೆಗೆದಿಟ್ಟು ಉಳಿದ ನಾಲ್ಕು ಚೀಲ ಮಾರಿದರೆ ಆ ನಾಲ್ಕು ಚೀಲ ಸರ್‌ಪ್ಲಸ್. ಲಾರಿ ಹೊರಬೇಕಾದ ತೂಕಕ್ಕಿಂತ ನಾಲ್ಕು ಚೀಲ ಜಾಸ್ತಿ ಹೇರಿ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಅದೇ ನಾಲ್ಕು ಚೀಲ ಎಕ್ಸೆಸ್. ರಾಗಿ ಅದೇ, ಚೀಲವೂ ಅದೇ. ಮೊದಲನೆಯದನ್ನು ಇನ್ನೊಬ್ಬರಿಗೆ ಕೊಡಬಹುದು, ಎರಡನೆಯದನ್ನು ಇಳಿಸಲೇಬೇಕು.

ಪದದ ಹುಟ್ಟಿನಲ್ಲೂ ಈ ಭೇದವಿದೆ. ಸರ್‌ಪ್ಲಸ್ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ‘ಸುರ್’ ಎಂದರೆ ಮೇಲೆ, ‘ಪ್ಲುಸ್’ ಎಂದರೆ ಹೆಚ್ಚು. 14ನೇ ಶತಮಾನದ ಕೊನೆಗೆ, ಚಾಸರ್ ಕವಿಯ ಕಾಲಕ್ಕೇ ಅದು ಬಳಕೆಯಲ್ಲಿತ್ತು. ಎಕ್ಸೆಸ್ ಲ್ಯಾಟಿನ್ ಮೂಲದ್ದು. ಹೊರಗೆ ಹೋಗುವುದು, ದಾಟುವುದು ಎಂಬುದು ಅದರ ಬೇರು. ಅದಕ್ಕೇ ಎಕ್ಸೆಸ್ ಎಂದಾಗ ಒಂದು ಆಕ್ಷೇಪಣೆಯ ದನಿ ಕೇಳುತ್ತದೆ. ಕುಡಿತ ಎಕ್ಸೆಸ್ ಆಗುತ್ತದೆ, ವಿಮಾನದಲ್ಲಿ ಲಗೇಜು ಎಕ್ಸೆಸ್ ಆಗುತ್ತದೆ. ಸರ್‌ಪ್ಲಸ್ ಪದದಲ್ಲಿ ಅಂಥ ದೂರಿಲ್ಲ. ಅದು ಲೆಕ್ಕದ ಪದ. ಲೆಕ್ಕ ಎಂದ ಮೇಲೆ ಅಳತೆಗೋಲು ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ಬಂದೇ ಬರುತ್ತದೆ. ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ಇರುವುದು ಅಲ್ಲಿ.

ಸರ್ಕಾರಿ ಬಳಕೆಗಳನ್ನು ಮೊದಲು ನೋಡಿ ಮುಗಿಸೋಣ. 1974ರಲ್ಲಿ ತಿದ್ದುಪಡಿಯಾದ ನಮ್ಮ ಭೂಸುಧಾರಣಾ ಕಾಯ್ದೆ ಐದು ಜನರ ಕುಟುಂಬಕ್ಕೆ 10 ಯೂನಿಟ್ ಭೂಮಿಯ ಮಿತಿ ಹಾಕಿತು. ಮಳೆಯಾಶ್ರಿತ ಖುಷ್ಕಿ ಜಮೀನಾದರೆ ಅದು 54 ಎಕರೆ. ಅದಕ್ಕಿಂತ ಮೇಲಿನದು ಸರ್‌ಪ್ಲಸ್ ಲ್ಯಾಂಡ್, ಅಂದರೆ ಹೆಚ್ಚುವರಿ ಭೂಮಿ. ಕಾಯ್ದೆ ಬರುವ ಹಿಂದಿನ ದಿನ ಅದೇ ಹೊಲ ಹೆಚ್ಚುವರಿ ಆಗಿರಲಿಲ್ಲ. ಶಿಕ್ಷಣ ಇಲಾಖೆಯಲ್ಲಿ ‘ಹೆಚ್ಚುವರಿ ಶಿಕ್ಷಕರು’ ಎಂಬ ಮಾತು ಪ್ರತಿ ವರ್ಷ ಕೇಳುತ್ತೀರಿ. ಹಳ್ಳಿಯ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿದಾಗ, ಮೊನ್ನೆಯವರೆಗೂ ಬೇಕಾಗಿದ್ದ ಮೇಷ್ಟ್ರು ಪಟ್ಟಿಯಲ್ಲಿ ಸರ್‌ಪ್ಲಸ್ ಆಗುತ್ತಾರೆ. ಪಕ್ಕದ ಹೋಬಳಿಯ ಶಾಲೆಯಲ್ಲಿ ಅದೇ ವಿಷಯಕ್ಕೆ ಮೇಷ್ಟ್ರೇ ಇರುವುದಿಲ್ಲ. ಬಜೆಟ್ಟಿನ ಮಾತಿಗೆ ಬಂದರೆ, ಕರ್ನಾಟಕ 2004-05ರಿಂದ ಕೋವಿಡ್ ಬರುವವರೆಗೂ ರೆವಿನ್ಯೂ ಸರ್‌ಪ್ಲಸ್ ರಾಜ್ಯವಾಗಿತ್ತು. ಅದರರ್ಥ ರಾಜ್ಯ ಸಾಲ ಮಾಡಲಿಲ್ಲ ಎಂದಲ್ಲ. ದಿನನಿತ್ಯದ ವರಮಾನದಲ್ಲಿ ದಿನನಿತ್ಯದ ಖರ್ಚು ಕಳೆದು ಸ್ವಲ್ಪ ಮಿಗುತ್ತಿತ್ತು, ಅಣೆಕಟ್ಟು ರಸ್ತೆಗಳಿಗೆ ಸಾಲ ಬೇಕಾಗಿಯೇ ಇತ್ತು. ಯಾವ ಲೆಕ್ಕದಲ್ಲಿ ಮಿಕ್ಕಿತು ಎಂದು ಹೇಳದ ಸರ್‌ಪ್ಲಸ್ ಅರ್ಧ ಸುದ್ದಿ.

ಇದೇ ಗುಂಪಿನ ಇನ್ನೆರಡು ಪದ ಮಗಳಿಗೆ ಪರೀಕ್ಷೆಯಲ್ಲಿ ಎದುರಾಗಬಹುದು. ‘ಪ್ಲೆಥೊರಾ’ ಗ್ರೀಕಿನದು, ಹಿಂದೆ ವೈದ್ಯರ ಪದ. ಮೈಯಲ್ಲಿ ರಕ್ತ ಅತಿಯಾದ ಕಾಯಿಲೆಗೆ ಹಾಗೆನ್ನುತ್ತಿದ್ದರು. ಈಗ ‘ಲೆಕ್ಕವಿಲ್ಲದಷ್ಟು’ ಎಂಬ ಅರ್ಥಕ್ಕೆ ಹಗುರವಾಗಿ ಬಳಸುತ್ತಾರೆ. ಬಳಸುವಾಗ ಅದರ ಹಳೆಯ ಕಾಯಿಲೆ ನೆನಪಿರುವುದು ಒಳ್ಳೆಯದು. ‘ಗ್ಲಟ್’ ಮಾರುಕಟ್ಟೆಯದು. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆಯವರಿಗೆ ಗ್ಲಟ್ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಮುಂಗಾರಿನ ಈರುಳ್ಳಿ ಎಲ್ಲರ ಹೊಲದಲ್ಲೂ ಒಟ್ಟಿಗೇ ಬಂದು, ಬೆಂಗಳೂರಿನ ಯಶವಂತಪುರದ ಯಾರ್ಡಿನಲ್ಲಿ ಲಾರಿಗಳು ಸಾಲುಗಟ್ಟಿ, ಸಾಗಣೆ ಬಾಡಿಗೆಯೂ ಹುಟ್ಟದೆ ಹೋಗುವುದೇ ಗ್ಲಟ್. ಆ ಹೊತ್ತಿಗೂ ದೇಶದಲ್ಲಿ ಈರುಳ್ಳಿ ಕೊಳ್ಳಲಾಗದ ಮನೆಗಳಿರುತ್ತವೆ. ಆದ್ದರಿಂದ ಗ್ಲಟ್ ಆಗುವುದು ಮಾರುಕಟ್ಟೆಗೆ, ಊಟದ ತಟ್ಟೆಗೆ ಅಲ್ಲ.

ಈಗ ಮಳೆ. ಹವಾಮಾನ ಇಲಾಖೆಯ ಪಟ್ಟಿಯಲ್ಲಿ ‘ಎಕ್ಸೆಸ್’ ಎಂಬುದಕ್ಕೆ ಗಟ್ಟಿಯಾದ ಅಳತೆಯಿದೆ. ವಾಡಿಕೆ ಮಳೆಗಿಂತ ಶೇ 19ರಷ್ಟು ಹೆಚ್ಚು ಅಥವಾ ಕಡಿಮೆ ಬಿದ್ದರೆ ‘ನಾರ್ಮಲ್’. ಶೇ 20ರಿಂದ 59ರವರೆಗೆ ಹೆಚ್ಚಾದರೆ ‘ಎಕ್ಸೆಸ್’, ಶೇ 60 ಮತ್ತು ಅದಕ್ಕಿಂತ ಮೇಲಾದರೆ ‘ಲಾರ್ಜ್ ಎಕ್ಸೆಸ್’. ಈ ಶೇಕಡಾವಾರು ಲೆಕ್ಕ ಬಯಲುಸೀಮೆಯಲ್ಲಿ ಮೋಸ ಮಾಡುತ್ತದೆ. ಒಂದು ತಿಂಗಳ ವಾಡಿಕೆ 20 ಮಿಲಿಮೀಟರ್ ಇರುವ ಕಡೆ 33 ಮಿಲಿಮೀಟರ್ ಬಿದ್ದರೆ ಶೇ 65 ಹೆಚ್ಚು, ಅಂದರೆ ‘ಲಾರ್ಜ್ ಎಕ್ಸೆಸ್’. ಒಂದೇ ಒಂದು ಸಂಜೆಯ ಮಳೆಯಷ್ಟು ಅದು, ಕೆರೆಯ ತಳವೂ ನೆನೆಯದು. ತಿಂಗಳಿಗೆ 2000 ಮಿಲಿಮೀಟರ್ ವಾಡಿಕೆ ಇರುವ ಮಲೆನಾಡಿನ ಜಾಗದಲ್ಲಿ 200 ಮಿಲಿಮೀಟರ್ ಹೆಚ್ಚು ಸುರಿದರೂ ಅದು ಶೇ 10 ಮಾತ್ರ, ‘ನಾರ್ಮಲ್’ ಎಂದೇ ದಾಖಲಾಗುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ವಾಡಿಕೆಗಿಂತ ಇಷ್ಟು ಶೇಕಡಾ ಹೆಚ್ಚು ಮಳೆ ಎಂಬ ತಲೆಬರಹ ಓದಿದಾಗ, ಎಷ್ಟು ಮಿಲಿಮೀಟರ್, ಎಷ್ಟು ದಿನಗಳಲ್ಲಿ ಎಂದು ಕೆಳಗೆ ಹುಡುಕಿ. ನಮ್ಮಲ್ಲಿ ಹೆಚ್ಚಿನ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಕೆಲವೇ ದಿನಗಳಲ್ಲಿ ರಭಸವಾಗಿ. ಅದನ್ನು ಹಿಡಿದಿಟ್ಟುಕೊಳ್ಳುವ ಜಾಗ ಸಿದ್ಧವಿಲ್ಲದಿದ್ದರೆ ಕೊರತೆಯ ಊರಿಗೂ ಅದು ಮೀರಿದ ನೀರೇ.

ಆ ಜಾಗವೇ ಕೆರೆ. ನಿಮ್ಮ ಫಲಕದ ‘ಸರ್‌ಪ್ಲಸ್ ವಿಯರ್’ ಎಂದರೆ ಕೋಡಿ, ಬೇರೇನಲ್ಲ. ಕೆರೆಗೆ ಏರಿ, ತೂಬು, ಕೋಡಿ ಮೂರೂ ಬೇಕು. ಏರಿ ತಡೆಯುತ್ತದೆ, ತೂಬು ಅಚ್ಚುಕಟ್ಟಿಗೆ ಬಿಡುತ್ತದೆ, ಕೋಡಿ ಮಿಕ್ಕಿದ್ದನ್ನು ಕಳಿಸುತ್ತದೆ. ನಮ್ಮ ಕೆರೆಗಳ ಏರಿ ಮಣ್ಣಿನದು. ನೀರು ಅದರ ತಲೆ ಹತ್ತಿ ಹರಿಯಲು ಶುರುವಾದರೆ ಮಣ್ಣು ಕೊಚ್ಚಿ ಹೋಗಿ ಸ್ವಲ್ಪ ಹೊತ್ತಿನಲ್ಲೇ ಏರಿ ಒಡೆಯುತ್ತದೆ. ಅದಕ್ಕೆ ಏರಿಯ ತಲೆಗಿಂತ ಕೆಲವು ಅಡಿ ತಗ್ಗಿನಲ್ಲಿ, ಸಾಮಾನ್ಯವಾಗಿ ಗಟ್ಟಿ ನೆಲವಿರುವ ಒಂದು ಪಕ್ಕಕ್ಕೆ, ಕಲ್ಲು ಕಟ್ಟಿ ಕೋಡಿ ಬಿಟ್ಟರು. ಕೋಡಿಯಲ್ಲಿ ಹೋಗುವುದು ಮಿಕ್ಕ ನೀರು, ಏರಿ ಹತ್ತುವುದು ಮೀರಿದ ನೀರು. ಸರ್‌ಪ್ಲಸ್, ಎಕ್ಸೆಸ್ ಎರಡರ ನಡುವಿನ ಅಂತರ ಅಡಿಗಳ ಲೆಕ್ಕದಲ್ಲಿ ಕಣ್ಣಿಗೇ ಕಾಣುವುದು ಇಲ್ಲಿ.

ದಕ್ಷಿಣ ಭಾರತದಲ್ಲಿ ಕೆಲಸ ಮಾಡಿದ ಬ್ರಿಟಿಷ್ ಎಂಜಿನಿಯರುಗಳು ಈ ಸರ್‌ಪ್ಲಸ್ ಪದವನ್ನು ಕ್ರಿಯಾಪದವನ್ನಾಗಿಯೇ ಮಾಡಿಕೊಂಡರು. ಕೆರೆ ಕೋಡಿ ಬಿತ್ತು ಎನ್ನುವುದಕ್ಕೆ ‘ದಿ ಟ್ಯಾಂಕ್ ಸರ್‌ಪ್ಲಸ್ಡ್’ ಎಂದು ಬರೆದರು. ನಮ್ಮ ನೀರಾವರಿ ಕಡತಗಳಲ್ಲಿ ಆ ಪ್ರಯೋಗ ಇಂದಿಗೂ ಜೀವಂತ. ಆದರೆ ಅದೇ ಕೋಡಿಗೆ ಮೈಸೂರು ಸೀಮೆಯ ದಾಖಲೆಗಳಲ್ಲಿ ಇನ್ನೊಂದು ಹೆಸರೂ ನೆಲೆಯಾಯಿತು: ‘ವೇಸ್ಟ್ ವಿಯರ್’. ಇವತ್ತಿಗೂ ಎಸ್ಟಿಮೇಟುಗಳಲ್ಲಿ ಆ ಪದ ಬರುತ್ತದೆ. ಇದು ಕೆಟ್ಟ ಹೆಸರು ಎಂದು ನನ್ನ ಖಚಿತ ಅಭಿಪ್ರಾಯ. ಕೋಡಿ ದಾಟಿದ ನೀರು ವ್ಯರ್ಥ ಎಂದು ಒಮ್ಮೆ ಬರೆದುಬಿಟ್ಟರೆ, ಕೋಡಿಯ ಕೆಳಗಿನ ಹಳ್ಳಕ್ಕೆ ಬೆಲೆ ಉಳಿಯುವುದಿಲ್ಲ. ಹಳ್ಳ ಒತ್ತುವರಿಯಾಗುತ್ತದೆ, ಅದರೊಳಗೆ ತೋಟ ಬರುತ್ತದೆ, ಸೈಟು ಬರುತ್ತದೆ. ಕಾಮಗಾರಿ ಕೋಡಿ ಕಲ್ಲಿನ ತನಕ ಬಂದು ನಿಲ್ಲುತ್ತದೆ.

ಕೆರೆ ಕಟ್ಟಿದವರು ಹಾಗೆ ಎಣಿಸಿರಲಿಲ್ಲ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಮುಂದಿನದಕ್ಕೆ. ಹೀಗೆ ಒಂದೇ ಹಳ್ಳದ ಮೇಲೆ ಸಾಲು ಸಾಲಾಗಿ ಕೆರೆಗಳು. ಮೈಸೂರಿನ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1866ರಲ್ಲಿ ಈ ಕೆರೆಗಳನ್ನು ಸರ್ವೆ ಮಾಡಿ, ಸಂಸ್ಥಾನದ ಸುಮಾರು ಶೇ 60ರಷ್ಟು ನೆಲ ಕೆರೆಗಳ ಜಾಲದೊಳಗೆ ಬಂದಿದೆ ಎಂದು ಬೆರಗುಪಟ್ಟು ಬರೆದ. ಇಂಥ ಸಾಲಿನಲ್ಲಿ ಎಲ್ಲ ಊರುಗಳ ಮಿಕ್ಕ ನೀರೂ ಮುಂದಿನ ಊರಿನ ಬಂಡವಾಳ. ಮೇಲಿನ ಊರಿನವರು ಕೋಡಿಗೆ ಮಣ್ಣು, ಹೆಂಟೆ ಹಾಕಿ ಒಂದಡಿ ಎತ್ತರಿಸಿಕೊಂಡರೆ ಕೆಳಗಿನ ಊರಿನ ಕೆರೆಗೆ ಆ ವರ್ಷ ನೀರಿಲ್ಲ. ಅದೇ ಒಂದಡಿಗೆ ಕೆರೆಯ ಹಿಂಬದಿಯ ಹೊಲಗಳೂ ಮುಳುಗುತ್ತವೆ. ಕೋಡಿಯ ಎತ್ತರದ ಮೇಲೆ ಊರು ಊರುಗಳ ನಡುವೆ ವ್ಯಾಜ್ಯ ಹುಟ್ಟುತ್ತಿದ್ದುದು ಸುಮ್ಮನೆ ಅಲ್ಲ.

ಈ ಕಲೆಯನ್ನು ಪುಟ್ಟದಾಗಿ, ಪೂರ್ತಿಯಾಗಿ ನೋಡಬೇಕೆಂದರೆ ಚಿತ್ರದುರ್ಗದ ಕೋಟೆಗೆ ಹೋಗಿ, ಮಳೆಗಾಲ ಮುಗಿಯುವ ಹೊತ್ತಿಗೆ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ. ಬಂಡೆಗಳ ಮೇಲೆ ಬಿದ್ದ ಮಳೆ ಅದಕ್ಕೆ ಇಳಿಯುತ್ತದೆ. ಅದು ತುಂಬಿ ಮಿಕ್ಕಿದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯೊಳಗಿನ ಸಂತೆ ಹೊಂಡಕ್ಕೆ. ಬೆಟ್ಟದ ಮೇಲಿನವರು ಕುಡಿದು ಉಳಿದದ್ದನ್ನೇ ಪೇಟೆಯ ಜನ ಬಳಸಿದರು. ನಾಯಕರ ಕಾಲದ ಆ ವ್ಯವಸ್ಥೆಯಲ್ಲಿ ವ್ಯರ್ಥ ಎಂಬ ಹೆಸರಿನ ನೀರು ಎಲ್ಲಿಯೂ ಇರಲಿಲ್ಲ.

ಜಿಲ್ಲೆಯ ದೊಡ್ಡ ನದಿ ವೇದಾವತಿಯ ಕಥೆಯೂ ಇದೇ. ಬಾಬಾ ಬುಡನ್‌ಗಿರಿ ಸಾಲಿನಿಂದ ಇಳಿಯುವ ವೇದಾ ಹೊಳೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನು ತುಂಬಿಸಿ ಬರುತ್ತದೆ, ಆವತಿ ಹೊಳೆ ಮದಗದಕೆರೆಯನ್ನು ತುಂಬಿಸಿ ಬರುತ್ತದೆ. ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿ ಆಗುತ್ತವೆ. ಎರಡು ದೊಡ್ಡ ಕೆರೆಗಳಲ್ಲಿ ಮಿಕ್ಕ ನೀರೇ ನಮ್ಮ ಜಿಲ್ಲೆಗೆ ನದಿಯಾಗಿ ಬರುತ್ತದೆ ಎಂದರೆ ತಪ್ಪಾಗದು. ಹೊಸದುರ್ಗ ತಾಲ್ಲೂಕಿನಲ್ಲಿ ಕೆಲ್ಲೋಡಿನ ಮೇಲೆ ಹಾದು, ಹಿರಿಯೂರಿಗೆ ಮುಂಚೆ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಅದು ಕಣಿವೆ ಮಾರಮ್ಮನ ಜಾಗ, ಮಾರಿಕಣಿವೆ.

ಆ ಕಣಿವೆಯ ಬಾಯಿಗೆ ಕಟ್ಟೆ ಹಾಕುವ ಕೆಲಸ ಶುರುವಾದದ್ದು 1897ರ ಹೊತ್ತಿಗೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಬಾಲಕ. ರೀಜೆಂಟ್ ಆಗಿ ಆಳುತ್ತಿದ್ದವರು ಅವರ ತಾಯಿ, ವಾಣಿ ವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿ. ಜಲಾಶಯಕ್ಕೆ ವಾಣಿ ವಿಲಾಸ ಸಾಗರ ಎಂಬ ಹೆಸರು ಬಂದದ್ದು ಅವರಿಂದ. 1907ರ ಹೊತ್ತಿಗೆ ಕಲ್ಲು, ಗಾರೆಯ ಗೋಡೆ ಎದ್ದು ನಿಂತಿತು. ಗೋಡೆಯ ಉದ್ದ ಸುಮಾರು 405 ಮೀಟರ್ ಮಾತ್ರ, ಹಿಡಿಯುವ ನೀರು ಸುಮಾರು 30 ಟಿಎಂಸಿ ಅಡಿ. ಕೃಷ್ಣರಾಜಸಾಗರದ ಸಾಮರ್ಥ್ಯ 49 ಟಿಎಂಸಿ ಚಿಲ್ಲರೆ ಎಂಬುದನ್ನು ನೆನೆದರೆ ಇದರ ಗಾತ್ರ ಅರ್ಥವಾಗುತ್ತದೆ. ಆದರೆ ಕೆಆರ್‌ಎಸ್‌ಗೆ ಕೊಡಗಿನ ಮಳೆಯಿದೆ, ಬಹಳ ವರ್ಷ ತುಂಬಿ ಹರಿಯುತ್ತದೆ. ವೇದಾವತಿಗೆ ಆ ಭಾಗ್ಯವಿಲ್ಲ. ಹಾಗಿದ್ದರೂ ಇಷ್ಟು ದೊಡ್ಡ ಹೊಟ್ಟೆ ಏಕೆ? ನನ್ನ ತಿಳಿವಳಿಕೆಯಂತೆ ಇದರ ದೊಡ್ಡತನ ಇರುವುದೇ ಅಲ್ಲಿ. ವರ್ಷ ವರ್ಷ ತುಂಬಿ ವರ್ಷ ವರ್ಷ ಖಾಲಿಯಾಗುವ ಕೆರೆ ಇದಲ್ಲ. ಒಳ್ಳೆಯ ಮಳೆಯ ಒಂದು ವರ್ಷದ ನೀರನ್ನು ಮುಂದಿನ ಬರದ ವರ್ಷಗಳಿಗೆ ದಾಟಿಸುವ ಪಾತ್ರೆ. ಹಿಂದಿನ ವರ್ಷ ಮಿಕ್ಕದ್ದನ್ನು ಕೋಡಿಗೆ ಹೋಗಗೊಡದೆ ಒಳಗೇ ಉಳಿಸಿಕೊಳ್ಳಲು ಕಟ್ಟಿದ್ದು.

ಅದಕ್ಕೇ ಅದು ಕೋಡಿ ಬೀಳುವುದು ಅಪರೂಪ. ಕೋಡಿಯ ಮಟ್ಟ 130 ಅಡಿ. ಮೊದಲ ಬಾರಿ ಆ ಮಟ್ಟ ದಾಟಿದ್ದು 1933ರಲ್ಲಿ, 135.25 ಅಡಿಯವರೆಗೆ ಏರಿತ್ತು. ಆಮೇಲೆ 89 ವರ್ಷ ಇಲ್ಲ. ಮೂರು ತಲೆಮಾರು ಆ ಕೋಡಿಯನ್ನು ಒಣಕಲ್ಲಾಗಿಯೇ ನೋಡಿತು. 2018ರ ಸುಮಾರಿಗಂತೂ ನೀರು ಡೆಡ್ ಸ್ಟೋರೇಜ್ ಮಟ್ಟದ ಹತ್ತಿರಕ್ಕೆ ಇಳಿದು, ಹಿರಿಯೂರು, ಚಿತ್ರದುರ್ಗದ ಕುಡಿಯುವ ನೀರಿಗೇ ಭಯವಾಗಿತ್ತು. ಅಚ್ಚುಕಟ್ಟಿನ ಸುಮಾರು 30 ಸಾವಿರ ಎಕರೆಯಲ್ಲಿ ತೆಂಗು, ಅಡಿಕೆ ಉಳಿಸಿಕೊಳ್ಳಲು ರೈತರು ಸಾವಿರ ಅಡಿ ಆಳಕ್ಕೆ ಬೋರು ಕೊರೆದರು. ಅಂಥ ಜಾಗದಲ್ಲಿ 2022ರ ಸೆಪ್ಟೆಂಬರ್ ಮೊದಲ ವಾರ ನೀರು ಕೋಡಿಯ ಕಲ್ಲು ದಾಟಿತು. ದೂರದ ಊರುಗಳಿಂದ ಜನ ಟ್ರ್ಯಾಕ್ಟರು, ಬೈಕು, ಬಸ್ಸು ಹಿಡಿದು ನೋಡಲು ಬಂದರು. 2025ರ ಜನವರಿಯಲ್ಲಿ ಮೂರನೆಯ ಸಲ ಕೋಡಿ ಬಿತ್ತು, ಅದೂ ಮಳೆಯಿಲ್ಲದ ಚಳಿಗಾಲದಲ್ಲಿ.

ಚಳಿಗಾಲದಲ್ಲಿ ಹೇಗೆ ಎಂದು ನೀವು ಕೇಳಬೇಕು. ಈ ನೀರಿನಲ್ಲಿ ಒಂದು ಪಾಲು ವೇದಾವತಿಯದೇ ಅಲ್ಲ. ಭದ್ರಾ ಮೇಲ್ದಂಡೆ ಯೋಜನೆಯಡಿ ಭದ್ರಾ ಕಡೆಯಿಂದ ಪಂಪಿನಲ್ಲಿ ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ ವೇದಾವತಿಗೆ ಬಿಟ್ಟ ನೀರು 2019ರ ನಂತರ ಮಾರಿಕಣಿವೆಗೆ ಬಂದು ಸೇರುತ್ತಿದೆ. ಕರೆಂಟು ಖರ್ಚು ಮಾಡಿ ಎತ್ತಿ ತಂದ ನೀರು ಕೋಡಿ ದಾಟಿ ಹೋದರೆ ಅದನ್ನು ಸರ್‌ಪ್ಲಸ್ ಎನ್ನಬಹುದೇ? ಜಲಾಶಯದ ಲೆಕ್ಕದಲ್ಲಿ ಹೌದು. ಭದ್ರಾ ಅಚ್ಚುಕಟ್ಟಿನ ಕೊನೆಯ ಭಾಗದಲ್ಲಿ, ದಾವಣಗೆರೆ ಸೀಮೆಯಲ್ಲಿ, ನಾಲೆಗೆ ನೀರು ಬಾರದೆ ಕಾಯುವ ಭತ್ತದ ರೈತನ ಲೆಕ್ಕದಲ್ಲಿ ಖಂಡಿತ ಅಲ್ಲ. ನಾನು ಮಾರಿಕಣಿವೆ ತುಂಬಲೆಂದೇ ಬಯಸುವವನು. ಆದರೂ 130 ಅಡಿ ಸಮೀಪಿಸುವಾಗ ಪಂಪು ನಿಲ್ಲಿಸುವ ತೀರ್ಮಾನ ಮಳೆಯ ಮುನ್ಸೂಚನೆ ನೋಡಿ ಮುಂಚೆಯೇ ಆಗಬೇಕು.

ನಿಮ್ಮ ಪಕ್ಕದ ಹೊಸದುರ್ಗದವರ ಮಾತನ್ನೂ ಕೇಳಬೇಕು. ಹಿರಿಯೂರು ಕಟ್ಟೆಯ ಕೆಳಗಿದೆ, ಹೊಸದುರ್ಗ ಮೇಲಿದೆ. ಹಿರಿಯೂರಿನಲ್ಲಿ ಸಂಭ್ರಮ ಏರಿದ ದಿನವೇ ಹಿನ್ನೀರು ಹೊಸದುರ್ಗ ತಾಲ್ಲೂಕಿನ ತೋಟಗಳಿಗೆ, ರಸ್ತೆಗಳಿಗೆ, ಕೆಲವು ಮನೆಗಳಿಗೆ ನುಗ್ಗಿತು. ದಶಕಗಳ ಕಾಲ ನೀರು ಬಾರದ ನೆಲದಲ್ಲಿ ಜನ ತೆಂಗು ನೆಟ್ಟಿದ್ದರು, ಗೂಡು ಕಟ್ಟಿಕೊಂಡಿದ್ದರು. ಅವರಿಗೆ 130 ಅಡಿ ಎಂಬುದು ತುಂಬಿದ ಗುರುತಲ್ಲ, ಮುಳುಗಿದ ಗುರುತು. ನೀರಿನ ಮಟ್ಟ ತಗ್ಗಿಸಿ ಎಂದು ಅವರು ಕೇಳುವುದೂ, ಒಂದಿಂಚೂ ತಗ್ಗಿಸಬೇಡಿ ಎಂದು ಹಿರಿಯೂರಿನ ಅಚ್ಚುಕಟ್ಟಿನವರು ಪಟ್ಟು ಹಿಡಿಯುವುದೂ ಎರಡೂ ಸಹಜ. ಒಂದೇ ಜಲಾಶಯದ ಅದೇ ಒಂದಡಿ ನೀರು ಮೇಲಿನವರಿಗೆ ಎಕ್ಸೆಸ್, ಕೆಳಗಿನವರಿಗೆ ಮೂರು ವರ್ಷದ ಭರವಸೆ. ನನ್ನ ನಿಲುವು ಇಷ್ಟು: ಕೋಡಿಯ ಮಟ್ಟ ಉಳಿಯಲಿ, ಹಿನ್ನೀರಿಗೆ ಸಿಕ್ಕವರಿಗೆ ನ್ಯಾಯವಾದ ಪರಿಹಾರ, ಬೇರೆ ಜಾಗ ಸಿಗಲಿ. ಮುಳುಗುವ ಗಡಿಯ ಕಲ್ಲುಗಳನ್ನು ಮತ್ತೆ ನೆಟ್ಟು, ಅದರೊಳಗೆ ಹೊಸ ಮನೆಗೆ ಪರವಾನಗಿ ಕೊಡುವುದನ್ನು ನಿಲ್ಲಿಸಲಿ. ಇಷ್ಟು ವರ್ಷ ನೀರು ಬರಲಿಲ್ಲ ಎಂಬ ಮಾತ್ರಕ್ಕೆ ಅಲ್ಲಿ ಬದುಕು ಕಟ್ಟಿಕೊಂಡವರನ್ನು ಅಪರಾಧಿಗಳಂತೆ ಕಾಣುವುದು ಸರಿಯಲ್ಲ.

ಕೋಡಿ ದಾಟಿದ ನೀರು ಮುಂದೆ ಏನಾಗುತ್ತದೆ? ಹಿರಿಯೂರನ್ನು ಹಾದು ಚಳ್ಳಕೆರೆ ತಾಲ್ಲೂಕಿಗೆ ಹೋಗುತ್ತದೆ. ಅದು ರಾಜ್ಯದಲ್ಲೇ ತೀರಾ ಕಡಿಮೆ ಮಳೆಯ ಸೀಮೆಗಳಲ್ಲೊಂದು. ನದಿಯ ಮರಳಿನಡಿ ನೀರು ಇಳಿದರೆ ದಡದ ಬಾವಿ, ಬೋರುಗಳಿಗೆ ಜೀವ ಬರುತ್ತದೆ, ಅಲ್ಲಿನ ಬ್ಯಾರೇಜುಗಳು ತುಂಬುತ್ತವೆ. ಜಲಾಶಯದಿಂದ ನದಿಗೆ ನೀರು ಬಿಡಿ ಎಂದು ಚಳ್ಳಕೆರೆಯವರು ಕೇಳಿದಾಗ ಹಿರಿಯೂರಿನಲ್ಲಿ ವಿರೋಧ ಎದ್ದದ್ದುಂಟು. ಕೋಡಿ ಬಿದ್ದ ವರ್ಷ ಆ ಜಗಳವೇ ಇಲ್ಲ, ನೀರು ತಾನಾಗಿ ಹೋಗುತ್ತದೆ. ಮುಂದೆ ಆಂಧ್ರದ ಗಡಿಯಲ್ಲಿ ಭೈರವಾನಿ ತಿಪ್ಪ ಜಲಾಶಯ ಇದೇ ನದಿಯನ್ನು ಕಾಯುತ್ತಿದೆ. ಅದನ್ನೂ ದಾಟಿದರೆ ಹಗರಿ ಎಂಬ ಹೆಸರಿನಲ್ಲಿ ಬಳ್ಳಾರಿ ಸೀಮೆಗೆ ಬಂದು ತುಂಗಭದ್ರೆಗೆ, ತುಂಗಭದ್ರೆಯಿಂದ ಕೃಷ್ಣೆಗೆ.

ಇಲ್ಲಿಗೆ ಬಂದಾಗ ಸರ್‌ಪ್ಲಸ್ ಪದ ಎಂಜಿನಿಯರನ ಕೈಯಿಂದ ವಕೀಲರ ಕೈಗೆ ಹೋಗುತ್ತದೆ. ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ 1973ರಲ್ಲಿ, 100ರಲ್ಲಿ 75 ವರ್ಷ ಖಂಡಿತ ಸಿಗುವ ನೀರು 2,060 ಟಿಎಂಸಿ ಎಂದು ಎಣಿಸಿ, ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಪಾಲು ಮಾಡಿತು. ಮರುಬಳಕೆಯ ನೀರಿನ ಲೆಕ್ಕ ಬೇರೆ. ಒಳ್ಳೆಯ ಮಳೆಯ ವರ್ಷಗಳಲ್ಲಿ ಇದಕ್ಕಿಂತ ಹೆಚ್ಚು ಹರಿಯುತ್ತದಲ್ಲ, ಅದನ್ನು ಬಳಸಿಕೊಳ್ಳುವ ಸ್ವಾತಂತ್ರ್ಯ ಕೊನೆಯ ರಾಜ್ಯವಾದ ಆಂಧ್ರಕ್ಕೆ ಸಿಕ್ಕಿತು. ಬಳಸಿಕೊಳ್ಳಬಹುದು, ಆದರೆ ಹಕ್ಕು ಹುಟ್ಟುವುದಿಲ್ಲ ಎಂಬ ಷರತ್ತು ಇತ್ತು. ಮಿಕ್ಕ ನೀರಿನ ಮೇಲೆ ಒಮ್ಮೆ ನಾಲೆ ತೋಡಿದ ಮೇಲೆ, ಹೊಲ ಹಸಿರಾದ ಮೇಲೆ, ಅದು ಮಿಕ್ಕದ್ದು ಎಂದು ಯಾವ ರೈತ ಒಪ್ಪುತ್ತಾನೆ? 2010ರ ಡಿಸೆಂಬರಿನಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಆ ಸರ್‌ಪ್ಲಸ್ ನೀರನ್ನೂ ಮೂರು ರಾಜ್ಯಗಳಿಗೆ ಹಂಚಿದಾಗ ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ನಮ್ಮ ವೇದಾವತಿ ಈ ಲೆಕ್ಕದಲ್ಲಿ ಕೃಷ್ಣಾ ಕಣಿವೆಯ ‘ಕೆ-9’ ಉಪಕಣಿವೆ. ಕಡತದಲ್ಲಿ ಒಂದು ಅಕ್ಷರ, ಒಂದು ಅಂಕಿ. ಹಿರಿಯೂರಿನ ಕೋಡಿಯಿಂದ ಹೋಗುವ ಒಂದೊಂದು ಹನಿಗೂ ಅಲ್ಲಿ ಹೆಸರು ಹೇಳುವವರಿದ್ದಾರೆ.

ಹಾಗಾದರೆ ಬರದ ಜಿಲ್ಲೆಯಲ್ಲಿ ಹೆಚ್ಚುವರಿ ನೀರಿಗೆ ಅರ್ಥವಿದೆಯೇ ಎಂಬ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಇದೆ, ಒಂದು ಕೆರೆಯ ಮಟ್ಟಿಗೆ, ಒಂದು ವಾರದ ಮಟ್ಟಿಗೆ. ಜಿಲ್ಲೆಯ ಮಟ್ಟಿಗೆ, ಒಂದು ದಶಕದ ಮಟ್ಟಿಗೆ ಇಲ್ಲ. ಜಾಗವನ್ನೂ ಅವಧಿಯನ್ನೂ ಹೇಳದೆ ‘ಸರ್‌ಪ್ಲಸ್ ನೀರು’ ಎನ್ನುವ ಅಧಿಕಾರಿಗೆ, ಪತ್ರಕರ್ತರಿಗೆ, ರಾಜಕಾರಣಿಗೆ ಈ ಎರಡು ಮಾತು ಕೇಳುವ ಹಕ್ಕು ನಿಮಗಿದೆ.

ಹೊಳಲ್ಕೆರೆಯವರಾದ್ದರಿಂದ ಇನ್ನೊಂದು ವಿಷಯ. ನಿಮ್ಮ ಪಟ್ಟಣಕ್ಕೂ ಚಿತ್ರದುರ್ಗಕ್ಕೂ ಕುಡಿಯುವ ನೀರು ಬರುವ ಶಾಂತಿಸಾಗರ, ನಾವು ಸೂಳೆಕೆರೆ ಎನ್ನುವುದು, ಇರುವುದು ಚನ್ನಗಿರಿ ತಾಲ್ಲೂಕಿನಲ್ಲಿ. ಮೊದಲು ಶಿವಮೊಗ್ಗ ಜಿಲ್ಲೆಯಲ್ಲಿದ್ದ ಆ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಅಂದರೆ ನೀವು ಕುಡಿಯುತ್ತಿರುವುದು ಪಕ್ಕದ ಜಿಲ್ಲೆಯ ಕೆರೆಯ ನೀರು. ಭದ್ರಾ ಮೇಲ್ದಂಡೆ ಯೋಜನೆ ನಿಮ್ಮ ಕಡೆಗೂ ಬರಬೇಕಿದೆ. ಒಟ್ಟು 29.9 ಟಿಎಂಸಿ ನೀರಿನಲ್ಲಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ನೀರು ಕೊಡುವುದು, 367 ಕೆರೆಗಳನ್ನು ಅರ್ಧದಷ್ಟು ತುಂಬಿಸುವುದು ಅದರ ಗುರಿ. 2023ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣದ ದಾರಿ ಕಾಯುವುದರಲ್ಲೇ ವರ್ಷಗಳು ಹೋಗುತ್ತಿವೆ.

ಅರ್ಧ ಎಂಬ ಮಾತನ್ನು ಗಮನಿಸಿ. ಯೋಜನೆ ಪೂರ್ತಿಯಾದ ಮೇಲೂ ಕಾಲುವೆ ನೀರಿನಿಂದಲೇ ಕೆರೆಗಳು ಕೋಡಿ ಬೀಳುವುದಿಲ್ಲ. ಉಳಿದರ್ಧ ಆ ಊರಿನ ಮಳೆಯೇ ತುಂಬಿಸಬೇಕು, ಅದಕ್ಕೆ ಕೆರೆಗೆ ಬರುವ ಹಳ್ಳಗಳು ತೆರೆದಿರಬೇಕು. ಅದೃಷ್ಟವಿದ್ದು ಒಂದು ಅಕ್ಟೋಬರಿನಲ್ಲಿ ಪೂರ್ತಿ ತುಂಬಿದರೆ, ಕೋಡಿಯಿಂದ ಮುಂದಿನ ಕೆರೆಗೆ ಹೋಗುವ ಹಳ್ಳವೂ ತೆರೆದಿರಬೇಕು. ಆದ್ದರಿಂದ ಫಲಕ ಹಾಕಿದ ಕಾಮಗಾರಿಯ ಅಂದಾಜು ಪಟ್ಟಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಕೇಳಿ ನೋಡಿ. ಅದರಲ್ಲಿ ಕೋಡಿಯ ಕಲ್ಲು, ಸಿಮೆಂಟು ಇದ್ದೇ ಇರುತ್ತದೆ. ಕೋಡಿಯ ಕೆಳಗಿನ ಹಳ್ಳದ ಹೂಳು ತೆಗೆಯುವುದಕ್ಕೆ, ಅದರ ಅಗಲವನ್ನು ಗ್ರಾಮನಕ್ಷೆಯಂತೆ ಅಳೆಯುವುದಕ್ಕೆ ಒಂದು ಸಾಲಾದರೂ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಸೇರಿಸಿ ಎಂದು ಗ್ರಾಮಸಭೆಯಲ್ಲಿ ಬರೆದುಕೊಡಿ. ಹೋಗುವಾಗ ಕೆಳಗಿನ ಕೆರೆಯ ಊರಿನವರನ್ನೂ ಜೊತೆಗೆ ಕರೆದುಕೊಂಡು ಹೋಗಿ.